ಬಿಳಿ ಖಾಲಾಳ ಮಣಿಕಟ್ಟು

ಜಿದ್ದಾ, ವಿಮಾನ ನಿಲ್ದಾಣ

ಗಲ್ಫಿಗೆ ಮೊದಲ ಸಲ ಹೊರಟವರಿಗೆ ಸಿಗುವಷ್ಟು ಬುದ್ಧಿವಾದ ನಮ್ಮೂರಿನಲ್ಲಿ ಮದುಮಗಳಿಗೂ ಸಿಗುವುದಿಲ್ಲ. ಗಸಗಸೆ ಒಯ್ಯಬೇಡಿ, ಜೈಲಿಗೆ ಹಾಕುತ್ತಾರೆ. ಮಾತ್ರೆಗಳಿಗೆ ಡಾಕ್ಟರ ಚೀಟಿ ಇರಲಿ. ಯಾರನ್ನೂ ದಿಟ್ಟಿಸಿ ನೋಡಬೇಡಿ. ಬದುಕಿಡೀ ವಿಟ್ಲದ ಹತ್ತಿರದ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ, ಮಕ್ಕಳನ್ನು ದಿಟ್ಟಿಸಿ ನೋಡಿಯೇ ಸಂಬಳ ತೆಗೆದುಕೊಂಡವಳಿಗೆ ಇದರಲ್ಲಿ ಕೊನೆಯದೇ ಬಹಳ ಕಷ್ಟದ್ದಾಗಿ ಕಂಡಿತು.

ಕಸ್ಟಮ್ಸಿನ ಹುಡುಗ ನನ್ನ ಪೆಟ್ಟಿಗೆಯಿಂದ ಹಲಸಿನ ಹಪ್ಪಳದ ಕಟ್ಟನ್ನು ಎತ್ತಿ ಬೆಳಕಿಗೆ ಹಿಡಿದ. ಮೂಸಿದ. ಇದೇನು ಎಂದು ಹುಬ್ಬಿನಲ್ಲೇ ಕೇಳಿದ. ನನಗೆ ಬರುವ ಅರಬ್ಬಿ ನಮಾಜಿನದು ಮಾತ್ರ, ಅದರಲ್ಲಿ ಹಪ್ಪಳದ ಪ್ರಸ್ತಾಪ ಇಲ್ಲ. ಎಣ್ಣೆ ಕಾಯುವುದನ್ನೂ ಹಪ್ಪಳ ಉಬ್ಬುವುದನ್ನೂ ಎರಡು ಕೈಯಲ್ಲಿ ಅಭಿನಯಿಸಿ ತೋರಿಸಿದೆ. ಅವನು ಹಸಿ ಹಪ್ಪಳದ ಮೂಲೆ ಮುರಿದು ಬಾಯಿಗೆ ಹಾಕಿಕೊಂಡು, ಮುಖ ಸಿಂಡರಿಸಿ, ಪೆಟ್ಟಿಗೆ ಮುಚ್ಚಿ ಕಳುಹಿಸಿಬಿಟ್ಟ. ಪಾಪ, ಕರಿದ ಹಪ್ಪಳ ತಿನ್ನದೆ ಅವನು ನಮ್ಮ ಸೀಮೆಯ ಬಗ್ಗೆ ಒಂದು ಅಭಿಪ್ರಾಯಕ್ಕೆ ಬಂದಿದ್ದ.

ಹೊರಗೆ ತಂಗಿ ಮೈಮೂನಾ ಮತ್ತು ಅವಳ ಗಂಡ ಹನೀಫ್ ಕಾಯುತ್ತಿದ್ದರು. ಸಾಲಾಗಿ ನಿಂತ ಕಪ್ಪು ಅಬಾಯಾಗಳಲ್ಲಿ ನನ್ನ ಒಡಹುಟ್ಟಿದವಳು ಯಾರೆಂದು ನನಗೆ ಗೊತ್ತಾಗಲಿಲ್ಲ, ಅವಳೇ ಬಂದು ತಬ್ಬಿಕೊಂಡಳು. ಊರಿನಲ್ಲಿ ಸೀರೆಗೆ ಶಾಲು ಹೊದ್ದು ಓಡಾಡುವ ನಾನು ಕೂಡ ಅವಳು ಮುಂಚೆಯೇ ಕಳುಹಿಸಿದ್ದ ಅಬಾಯಾವನ್ನು ವಿಮಾನದಲ್ಲೇ ತೊಟ್ಟುಕೊಂಡಿದ್ದೆ. ಅದು ಅವಳ ಅಳತೆಯದು. ಅವಳು ನನಗಿಂತ ಒಂದು ಗೇಣು ಎತ್ತರ.

"ಉದ್ದ ಆಯ್ತಲ್ಲ ಮಾರಾಯ್ತಿ" ಎಂದೆ.

"ಎಂತ ಆಗುವುದಿಲ್ಲ ಅಕ್ಕ, ಎತ್ತಿ ಹಿಡಿದುಕೊಂಡು ನಡೆದರೆ ಆಯ್ತು" ಎಂದಳು.

ಹದಾ ಘಟ್ಟ ಹತ್ತಿ ತಾಯಿಫ್

ಅವರ ಮನೆ ಇರುವುದು ತಾಯಿಫಿನಲ್ಲಿ, ಬೆಟ್ಟದ ಮೇಲೆ. ಹನೀಫನಿಗೆ ಅಲ್ಲಿ ಗುಲಾಬಿ ನೀರು, ಅತ್ತರು ಮಾರುವ ಸಣ್ಣ ಅಂಗಡಿ. ಘಟ್ಟ ಎಂದಾಕ್ಷಣ ನಾನು ಚಾರ್ಮಾಡಿಯನ್ನು ನಿರೀಕ್ಷಿಸಿದ್ದೆ. ಇಲ್ಲಿ ತಿರುವುಗಳಿವೆ, ಹಸಿರಿಲ್ಲ. ಬರೀ ಕಲ್ಲಿನ ಬೆಟ್ಟ ಸುತ್ತಿ ಸುತ್ತಿ ಏರಿದ ಮೇಲೆ ಇದ್ದಕ್ಕಿದ್ದಂತೆ ತಣ್ಣನೆ ಗಾಳಿ ಕಿಟಕಿಯಲ್ಲಿ ಬರುತ್ತದೆ. ರಸ್ತೆ ಬದಿಯಲ್ಲಿ ಪಾಪಸುಕಳ್ಳಿಯ ಹಣ್ಣನ್ನು ಮುಳ್ಳು ಸವರಿ, ಸಿಪ್ಪೆ ತೆಗೆದು, ಐಸಿನ ಮೇಲಿಟ್ಟು ಮಾರುತ್ತಾರೆ. ನಮ್ಮಲ್ಲಿ ದನ ಬಾರದಂತೆ ಬೇಲಿಗೆ ನೆಡುವ ಗಿಡಕ್ಕೆ ಇಲ್ಲಿ ಎಂಥ ಮರ್ಯಾದೆ ಎಂದು ನಾನು ಬೆರಗಾದೆ.

ಮರುದಿನ ಬೆಳಿಗ್ಗೆ ಮನೆಯ ಮೆಟ್ಟಿಲಿಳಿಯುವಾಗ ಅಬಾಯಾ ಎತ್ತಿ ಹಿಡಿಯಲು ಮರೆತೆ. ಮೂರು ಮೆಟ್ಟಿಲು ಒಟ್ಟಿಗೇ ಇಳಿದೆ. ಬಲಗೈ ಮಣಿಕಟ್ಟು ಬಾತುಕೊಂಡಿತು.

ತಾಯಿಫಿನ ಆಸ್ಪತ್ರೆಗಳ ತುಂಬ ಮಲಯಾಳಿ ನರ್ಸುಗಳು. ನಾವು ಅಕ್ಕತಂಗಿಯರು ಮನೆಯಲ್ಲಿ ಆಡುವುದು ಬ್ಯಾರಿ ಭಾಷೆ, ಅದು ಮಲಯಾಳಿಗಳಿಗೆ ಅರ್ಧಕ್ಕರ್ಧ ತಿಳಿಯುತ್ತದೆ. ಹಾಗಾಗಿ ಮೈಮೂನಾ ಅಲ್ಲಿ ಗುಟ್ಟಿನ ಮಾತನ್ನೆಲ್ಲ ಕನ್ನಡದಲ್ಲಿ ಆಡುತ್ತಾಳೆ. ನನ್ನ ಕೈ ನೋಡಲು ಬಂದವಳು ಮಾತ್ರ ಮಲಯಾಳಿಯಲ್ಲ. ಗುಂಗುರು ಕೂದಲು ಸ್ಕಾರ್ಫಿನ ಅಂಚಿನಲ್ಲಿ ಇಣುಕುತ್ತಿದ್ದ, ಅಗಲ ಮುಖದ, ಕಡುಗಪ್ಪಿನ ಹೆಂಗಸು. ಮೈಮೂನಾ ಅವಳನ್ನು ಕಂಡದ್ದೇ ತರಕಾರಿ ಅಂಗಡಿಯಲ್ಲಿ ಕಲಿತ ತನ್ನ ಅರಬ್ಬಿಯಲ್ಲಿ ಶುರು ಮಾಡಿದಳು. ನರ್ಸು ಆಸ್ಪತ್ರೆಯ ಅರಬ್ಬಿಯಲ್ಲಿ ಉತ್ತರಿಸಿದಳು. ಮಾತಿಗಿಂತ ಕೈಸನ್ನೆಯೇ ಹೆಚ್ಚಿತ್ತು. "ಸುಡಾನಿನವಳು, ಒಳ್ಳೆ ಜನ" ಎಂದು ತಂಗಿ ನನಗೆ ಕನ್ನಡದಲ್ಲಿ ಹೇಳಿದಳು.

ನರ್ಸು ಕೈ ತಿರುಗಿಸಿದಾಗ ಜೀವ ಹೋದಂತಾಯಿತು. "ಇವಳು ಕೈ ಸರಿ ಮಾಡುವವಳೋ ಮುರಿಯುವವಳೋ, ಸರಿ ಕೇಳು ಮೈಮೂನಾ!" ಎಂದು ಕೂಗಿದೆ.

ಅವಳು ತಲೆ ಎತ್ತದೆ ಅಂದಳು: "ಮುರಿಯಂಗಿಲ್ರೀ ಅಕ್ಕಾರ. ಕೈ ಸ್ವಲ್ಪ ಸಡ್ಲ ಬಿಡ್ರಿ."

ಮೈಮೂನಾ ಕಕ್ಕಾಬಿಕ್ಕಿಯಾದಳು. "ನಿಮಗೆ ಕನ್ನಡ ಗೊತ್ತುಂಟಾ? ವರ್ಷದಿಂದ ಮಕ್ಕಳ ಜ್ವರಕ್ಕೆ ನಿಮ್ಮ ಹತ್ತಿರವೇ ಬರುತ್ತಾ ಇದ್ದೇನಲ್ಲ!"

"ಬಂದೀರಿ. ಫೋನ್ನಾಗ ನಿಮ್ಮ ಅತ್ತೀಗೆ ಬೈಯೂದೂ ಕೇಳೇನ್ರಿ."

"ಮತ್ತೆ ಹೇಳಲಿಲ್ಲ ಎಂತಕ್ಕೆ?"

"ನೀವು ಕೇಳಲಿಲ್ಲಲ್ರೀ. ಮಾರಿ ನೋಡಿದ ಕೂಡ್ಲೇ ಅರಬ್ಬಿ ಚಾಲೂ ಮಾಡಿದ್ರಿ. ಎಲ್ಲಾರೂ ಹಂಗ ಮಾಡ್ತಾರ, ನನಗೂ ರೂಢಿ ಆಗೇತಿ."

ಅವಳ ಹೆಸರು ಶಮೀಮ. ಹಳಿಯಾಳದ ಕಡೆಯ ಸಿದ್ದಿ ಹೆಣ್ಣುಮಗಳು. ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಹಡಗಿನಲ್ಲಿ ಗುಲಾಮರಾಗಿ ಬಂದು, ಆಮೇಲೆ ಉತ್ತರ ಕನ್ನಡದ ಕಾಡಿನಂಚಿನಲ್ಲಿ ನೆಲೆ ನಿಂತವರ ವಂಶದವಳು. ಹುಬ್ಬಳ್ಳಿಯಲ್ಲಿ ನರ್ಸಿಂಗ್ ಓದಿ ಇಲ್ಲಿಗೆ ಬಂದಿದ್ದಳು. ಭಾರತೀಯರು ಅವಳನ್ನು ಸುಡಾನಿನವಳು ಎನ್ನುತ್ತಾರೆ, ಪಾಸ್‌ಪೋರ್ಟು ನೋಡಿದ ಸೌದಿಗಳು ಇದು ನಿನ್ನದೇನಾ ಎಂದು ಕೇಳುತ್ತಾರೆ. ಇದನ್ನೆಲ್ಲ ಅವಳು ಬ್ಯಾಂಡೇಜು ಸುತ್ತುತ್ತ, ಯಾರದೋ ಮನೆಯ ಸುದ್ದಿ ಎಂಬಂತೆ ನಗುನಗುತ್ತ ಹೇಳಿದಳು. ಕೈ ಬಿಡುವ ಮೊದಲು, "ಶುಕ್ರವಾರ ಖಾಲಿ ಅದೀರೇನು ಅಕ್ಕಾರ? ನಮ್ಮ ಗೆಳತ್ಯಾರು ಕೂಡ್ತೀವಿ, ಬರ್ರಿ" ಎಂದಳು. ನನಗೆ ಆ ಊರಿನಲ್ಲಿ ಸಿಕ್ಕ ಮೊದಲ ಆಮಂತ್ರಣ ಅದು.

ತಾಯಿಫ್, ಹವ್ವಾಳ ಮನೆ

ಶುಕ್ರವಾರ ಶಮೀಮ ನನ್ನನ್ನು ಕರೆದೊಯ್ದದ್ದು ಹವ್ವಾಳ ಮನೆಗೆ. ಹವ್ವಾ ಅದೇ ಆಸ್ಪತ್ರೆಯ ಹಿರಿಯ ಸೂಲಗಿತ್ತಿ, ಸುಡಾನಿನವಳು, ದಪ್ಪ ದನಿಯ ದೊಡ್ಡ ಹೆಂಗಸು. ಬಾಗಿಲು ತೆರೆದವಳೇ ನನ್ನ ಹೆಸರು ಕೂಡ ಕೇಳದೆ ಅಬಾಯಾ ಕಳಚಿ ಮೊಳೆಗೆ ನೇತುಹಾಕಿದಳು. ಆಮೇಲೆ ಕೈ ಚಾಚಿದಳು. ಏನು ಕೇಳುತ್ತಿದ್ದಾಳೆಂದು ತಿಳಿಯದೆ ನಾನು ಆ ಕೈಗೆ ಹಪ್ಪಳದ ಕಟ್ಟು ಇಟ್ಟೆ. ಎಲ್ಲರೂ ನಕ್ಕರು. ಅವಳಿಗೆ ಬೇಕಾಗಿದ್ದದ್ದು ಫೋನು. ಬಾಗಿಲ ಪಕ್ಕದ ಬುಟ್ಟಿಯಲ್ಲಿ ಆಗಲೇ ಹತ್ತಾರು ಫೋನುಗಳು ಮಲಗಿದ್ದವು. ಸೌದಿಯ ಹೆಂಗಸರ ಕೂಟಗಳಲ್ಲಿ ಇದು ರೂಢಿ. ಒಳಗೆ ಅಬಾಯಾ ಇಲ್ಲ, ತಲೆಯ ಮೇಲೆ ಬಟ್ಟೆ ಇಲ್ಲ, ಹಾಗಾಗಿ ಫೋನೂ ಇಲ್ಲ.

"ಫೋಟೋಗೆ ಮಾತ್ರ ಅಲ್ಲ. ಇಲ್ಲಿಯದು ಮನೆಯ ನಗು. ಬಾಗಿಲು ದಾಟಿದರೆ ಹಳಸುತ್ತದೆ" ಎಂದು ಹವ್ವಾ ತನ್ನ ಆಸ್ಪತ್ರೆಯ ಇಂಗ್ಲಿಷಿನಲ್ಲಿ ಹೇಳಿದಳು. ಆಗ ಅದು ನನಗೆ ಮಾತಿಗೆ ಆಡಿದ ಮಾತಾಗಿ ಕಂಡಿತು.

ಕೋಣೆಯಲ್ಲಿ ಸುಡಾನಿನ ನರ್ಸುಗಳಿದ್ದರು. ತಲೆಮಾರುಗಳ ಹಿಂದೆ ಪಶ್ಚಿಮ ಆಫ್ರಿಕಾದಿಂದ ಹಜ್ಜಿಗೆ ಬಂದು ಇಲ್ಲೇ ಉಳಿದುಹೋದವರ ಮೊಮ್ಮಕ್ಕಳು, ಮರಿಮಕ್ಕಳು ಇದ್ದರು. ಶುಂಠಿ ಹಾಕಿದ ಕಾಫಿಯ ಜೊತೆಗೆ ಜೋಳದ ಅರಳು ಕೊಟ್ಟರು. ಕಾಫಿಗೆ ಅರಳೇನು ಎಂದುಕೊಂಡರೂ ಎರಡು ಬಟ್ಟಲು ತಿಂದೆ. ದಪ್ಪ ಪರದೆ ಎಳೆದ ಕೋಣೆ, ಲೋಬಾನದ ಹೊಗೆ, ಜೋರು ಮಾತು. ನಮ್ಮ ಕಡೆಯ ಮದುವೆ ಮನೆಯ ಹೆಂಗಸರ ಕೋಣೆಯಲ್ಲಿ ಕೂತ ಹಾಗೇ ಅನಿಸಿತು.

ಆಗ ಶಮೀಮ ಮುಖಕ್ಕೆಲ್ಲ ಪೌಡರ್ ಬಳಿದುಕೊಂಡು, ಬಿಳಿ ದುಪಟ್ಟಾ ಹೊದ್ದು, ಕೈಯಲ್ಲಿ ಪುಟ್ಟ ಕನ್ನಡಿ ಹಿಡಿದು ಒಳಗಿನಿಂದ ಬಂದಳು. ಯಾರೂ ನಗಲಿಲ್ಲ. ಎಲ್ಲರೂ ಎದ್ದು ನಿಂತು ದೊಡ್ಡವರಿಗೆ ಮಾಡುವಂತೆ ಸಲಾಂ ಮಾಡಿದರು. ಅವಳು ಈಗ ಶಮೀಮ ಅಲ್ಲ, ಬಿಳಿ ಖಾಲಾ. ಖಾಲಾ ಎಂದರೆ ಅರಬ್ಬಿಯಲ್ಲೂ ಉರ್ದುವಿನಲ್ಲೂ ತಾಯಿಯ ಅಕ್ಕತಂಗಿ. ಈ ಖಾಲಾಳಿಗೆ ತಾನು ಕುಲದವರೆಲ್ಲರಿಗಿಂತ ಒಂದು ಎಳೆ ಬೆಳ್ಳಗಿದ್ದೇನೆಂಬ ನಂಬಿಕೆ. ಮಗನಿಗೆ ಹೆಣ್ಣು ನೋಡಲು ಹೊರಟಿದ್ದಾಳೆ. ಹವ್ವಾ ಅವಳ ಅರಬ್ಬಿಯನ್ನು ನನ್ನ ಕಿವಿಯಲ್ಲಿ ಅನುವಾದಿಸುತ್ತಿದ್ದಳು.

"ಹುಡುಗಿ ಗುಣವಂತೆ. ಖುರಾನ್ ಓದುತ್ತಾಳೆ, ಅಡುಗೆ ಬರುತ್ತದೆ. ಎಲ್ಲ ಒಪ್ಪಿಗೆ. ಆದರೆ ಒಂದು ದೀಪ ತನ್ನಿ, ಹುಡುಗಿ ಎಲ್ಲಿ ಕೂತಿದ್ದಾಳೆಂದು ನನಗೆ ಕಾಣಬೇಕಲ್ಲ!"

ಕೋಣೆ ಹಾರಿಹೋಗುವಂತೆ ನಕ್ಕಿತು. ಒಬ್ಬಳು "ಇದು ನಮ್ಮ ಚಿಕ್ಕಮ್ಮ!" ಎಂದು ಕೂಗಿ ಖಾಲಾಳ ಮೇಲೆ ಅರಳು ಎಸೆದಳು. ಇನ್ನೊಬ್ಬಳು "ನನ್ನ ಅತ್ತೆ!" ಎಂದಳು. ಎಲ್ಲರ ಮನೆಯಲ್ಲೂ ಒಬ್ಬೊಬ್ಬಳು ಬಿಳಿ ಖಾಲಾ ಇದ್ದಳು. ನಮ್ಮ ಮನೆಯಲ್ಲೂ ಇದ್ದಳು. ಮೈಮೂನಾ ಕೆಂಪಗೆ ಬೆಳ್ಳಗೆ, ನಾನು ಕಪ್ಪು. ನನ್ನನ್ನು ನೋಡಲು ಗಂಡಿನವರು ಬರುವ ದಿನ ನಮ್ಮ ಅಜ್ಜಿ ಮೈಮೂನಾಳನ್ನು ಪಕ್ಕದ ಮನೆಗೆ ಸಾಗಹಾಕುತ್ತಿದ್ದರು. ಅಕ್ಕನ ಪಕ್ಕ ತಂಗಿ ಕಂಡರೆ ಕೆಲಸ ಕೆಡುತ್ತದಲ್ಲ. ಇಷ್ಟು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಆ ಸಂಗತಿಗೆ ನಾನು ಅವತ್ತು ಅಷ್ಟು ದೂರದ ಊರಿನಲ್ಲಿ ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕೆ.

ಖಾಲಾ ತನ್ನ ಮಣಿಕಟ್ಟು ಚಾಚಿ ಸವಾಲು ಹಾಕಿದಳು. ಯಾರು ನನಗಿಂತ ಬೆಳ್ಳಗಿದ್ದೀರೋ ಬನ್ನಿ! ಕೋಣೆಯ ಕೈಗಳೆಲ್ಲ ಬಳೆ ಸದ್ದು ಮಾಡುತ್ತ ಮೇಲೆದ್ದವು. ಅವಳು ಒಂದೊಂದೇ ಮಣಿಕಟ್ಟಿಗೆ ತನ್ನದನ್ನು ಒತ್ತಿ ನೋಡಿ, ಪ್ರತಿಯೊಂದಕ್ಕೂ ತಾನೇ ಗೆದ್ದೆನೆಂದು ಸಾರಿದಳು. ಹವ್ವಾ ನನ್ನ ಬ್ಯಾಂಡೇಜಿನ ಕೈಯನ್ನು ಎತ್ತಿ ಹಿಡಿದಳು. ಖಾಲಾ ಆ ಬಿಳಿ ಬಟ್ಟೆಯನ್ನು ನೋಡಿ, ಕನ್ನಡಿ ನೋಡಿ, ಎದೆ ಹಿಡಿದುಕೊಂಡು ಕುಸಿದು ಕೂತಳು. "ನನ್ನ ಮಗನಿಗೆ ಇವಳೇ ಹೆಣ್ಣು!" ಎಂದಳು.

ಕೊನೆಗೆ ಸೋಲೊಪ್ಪದ ಖಾಲಾ ಎದ್ದು ದೀಪವನ್ನೇ ಆರಿಸಿಬಿಟ್ಟಳು. ಆ ಪರದೆಗಳ ಕೋಣೆ ಹಾಡಹಗಲೇ ಕಗ್ಗತ್ತಲಾಯಿತು. "ಈಗ ಹೇಳಿ, ಯಾರು ಬೆಳ್ಳಗೆ?" ಎಂಬ ದನಿ ಬಂತು. ಆಮೇಲೆ ಎದ್ದ ನಗುವಿನಲ್ಲಿ ಅಳುವೂ ಬೆರೆತಿತ್ತು. ದೀಪ ಬಂದಾಗ ಹವ್ವಾ ಕಣ್ಣೊರೆಸುತ್ತಿದ್ದಳು. "ನನ್ನ ಮಗಳು ಬೆಳ್ಳಗಾಗುವ ಕ್ರೀಮು ಹಚ್ಚುತ್ತಾಳೆ. ತಂದುಕೊಡುವವಳು ನಾನೇ" ಎಂದಳು.

ಹೊರಡುವಾಗ ನಾನು ಶಮೀಮಳನ್ನು ಕೇಳಿದೆ, ಇದನ್ನೆಲ್ಲಿ ಕಲಿತೆ ಎಂದು.

"ನಮ್ಮ ಮನಿಯಾಗ್ರಿ. ಮದುವಿ ಮುಗಿದ ಮ್ಯಾಲೆ ಹೆಣ್ಮಕ್ಕಳು ಕೂಡಿ ಮಾಡ್ತೀವಿ. ಅವ್ವ ಮಾಡ್ತಿದ್ಲು, ಈಗ ನಾ ಮಾಡ್ತೀನಿ."

"ಖಾಲಾ ನಿಜವಾಗಿ ಇದ್ದಾಳಾ?"

"ಅದಾಳ್ರೀ. ತನ್ನ ಮಗಗ ನನ್ನ ಬ್ಯಾಡ ಅಂದಾಕಿ ಅಕೀನ." ಪೌಡರ್ ಒರೆಸಿಕೊಳ್ಳುತ್ತ ಮತ್ತೆ ಹೇಳಿದಳು: "ಒಮ್ಮೆ ನಮ್ಮೋರ ಮುಂದ ಮಾಡಬೇಕಂತ ಭಾಳ ಆಸೆ ಐತಿ."

"ನಮ್ಮವರು ಅಂದರೆ ಯಾರು?"

"ಕನ್ನಡದೋರು ರೀ. ಮತ್ತ ಯಾರು?"

ಜಿದ್ದಾ, ಕುಟುಂಬ ಸಮ್ಮಿಲನ

ಕನ್ನಡಿಗರ ಕುಟುಂಬ ಸಮ್ಮಿಲನಕ್ಕೆ ಜಿದ್ದಾದ ಹೊರವಲಯದಲ್ಲಿ ಒಂದು ಇಸ್ತಿರಾಹ ಹಿಡಿದಿದ್ದರು. ಎತ್ತರದ ಗೋಡೆಯೊಳಗೆ ಹುಲ್ಲುಹಾಸು, ಈಜುಕೊಳ, ಗಂಡಸರಿಗೊಂದು ಹಾಲು, ಹೆಂಗಸರಿಗೊಂದು ಹಾಲು, ಇಷ್ಟನ್ನು ಒಂದು ದಿನಕ್ಕೆ ಬಾಡಿಗೆಗೆ ಕೊಡುತ್ತಾರೆ. ಮಹಿಳಾ ವಿಭಾಗದ ಉಸ್ತುವಾರಿ ನನ್ನ ತಂಗಿಯದು. ಶಮೀಮಳ ಆಸೆಯನ್ನು ನಾನು ಮನೆಯಲ್ಲಿ ಹೇಳಿದಾಗ ಅವಳು ಕುಣಿದಾಡಿದಳು. ಒಂದು ವರ್ಷ ಅರಬ್ಬಿ ಮಾತಾಡಿಸಿದ ತಪ್ಪನ್ನು ಒಂದೇ ಏಟಿಗೆ ತೊಳೆದುಕೊಳ್ಳುವ ದಾರಿ ಅದೆಂದು ಅವಳಿಗೆ ಅನಿಸಿರಬೇಕು. ನರ್ಸುಗಳ ಹಾಸ್ಟೆಲಿನ ವಾರ್ಡನನ್ನು ಕಾಡಿ ಬೇಡಿ ಅನುಮತಿ ತಂದು, ಶಮೀಮಳನ್ನು ನಮ್ಮ ಕಾರಿನಲ್ಲೇ ಕರೆದುಕೊಂಡು ಬಂದಳು. ಕಾರು ಓಡಿಸಿದವನು ಹನೀಫ್. ಹೆಂಗಸರು ಸ್ಟಿಯರಿಂಗ್ ಮುಟ್ಟುವ ಕಾಲ ಅಲ್ಲಿ ಇನ್ನೂ ಬಂದಿರಲಿಲ್ಲ.

ಕೋರಿರೊಟ್ಟಿ ಇತ್ತು, ಬಿರಿಯಾನಿ ಇತ್ತು, ಮ್ಯೂಸಿಕಲ್ ಚೇರ್ ಇತ್ತು. ಮಕ್ಕಳು ಇಂಗ್ಲಿಷಿನಲ್ಲಿ ಜಗಳಾಡುತ್ತಿದ್ದರು, ತಾಯಂದಿರು ಕನ್ನಡದಲ್ಲಿ ಬಿಡಿಸುತ್ತಿದ್ದರು. ಮೈಮೂನಾ ಮೈಕ್ ಹಿಡಿದು, "ಫೋಟೋ, ವಿಡಿಯೋ ಯಾರೂ ತೆಗೆಯಬಾರದು, ಪರದೆಯ ವಿಷಯ" ಎಂದು ಮೂರು ಸಲ ಹೇಳಿದಳು. ಒಬ್ಬ ಹುಡುಗಿಯ ಫೋನನ್ನು ಕಿತ್ತುಕೊಂಡು ಅವಳ ತಾಯಿಯ ಕೈಗೆ ಕೊಟ್ಟಳು.

ಶಮೀಮ ವೇದಿಕೆಗೆ ಬಂದಳು. ಅದೇ ಪೌಡರ್, ಅದೇ ದುಪಟ್ಟಾ, ಅದೇ ಕನ್ನಡಿ. ಅವಳು ಬಾಯಿ ತೆರೆಯುವ ಮೊದಲೇ ಸಭೆ ನಕ್ಕಿತು.

ತಾಯಿಫಿನಲ್ಲಿ ಇದೇ ಗಳಿಗೆಗೆ ಎಲ್ಲರೂ ಎದ್ದು ನಿಂತು ಸಲಾಂ ಮಾಡಿದ್ದರು. ಶಮೀಮ ನಗು ನಿಲ್ಲಲೆಂದು ಕಾದಳು. ನಿಂತಿತು, ಅವಳು ಶುರು ಮಾಡಿದಳು. ಈ ಸಲ ಕನ್ನಡದಲ್ಲಿ, ತನ್ನ ಊರಿನ ಮಾತಿನಲ್ಲಿ. ಎಷ್ಟು ಚೆನ್ನಾಗಿ ಮಾಡಿದಳೆಂದರೆ ಅವಳಜ್ಜಿಯ ಕಾಲದ ಮಾತುಗಳೆಲ್ಲ ಬಂದವು. ದೀಪ ತರುವ ಮಾತಿಗೆ ಚಪ್ಪಾಳೆಯೇ ಬಿತ್ತು. ಆದರೆ ಯಾರೂ ನಮ್ಮ ಚಿಕ್ಕಮ್ಮ ಎನ್ನಲಿಲ್ಲ, ನನ್ನ ಅತ್ತೆ ಎನ್ನಲಿಲ್ಲ. ಮಗನಿಗೆ ಬೆಳ್ಳಗಿನ ಹುಡುಗಿಯೇ ಬೇಕೆಂದು ಊರೂರು ಸುತ್ತಿದ ತಾಯಂದಿರು ಆ ಹಾಲಿನಲ್ಲಿ ಎಷ್ಟು ಮಂದಿ ಇದ್ದರೆಂದು ನಾನೇ ಹೆಸರು ಹಿಡಿದು ಹೇಳಬಲ್ಲೆ. ಅವರಲ್ಲಿ ಒಬ್ಬರಿಗೂ ಖಾಲಾಳಲ್ಲಿ ತಮ್ಮ ಮುಖ ಕಾಣಲಿಲ್ಲ. ಕಂಡದ್ದು ಪೌಡರ್ ಬಳಿದುಕೊಂಡ ಒಬ್ಬ ಕರಿಯ ಹೆಂಗಸು.

"ಯಾರು ನನಗಿಂತ ಬೆಳ್ಳಗ ಅದೀರಿ, ಬರ್ರಿ!" ಎಂದು ಅವಳು ಮಣಿಕಟ್ಟು ಚಾಚಿದಳು. ಒಂದು ಕೈಯೂ ಏಳಲಿಲ್ಲ. ಮುಂದಿನ ಸಾಲಿನವರು ನಾಚಿ ನಗುತ್ತ ಕೈಗಳನ್ನು ಬಟ್ಟೆಯ ತೋಳಿನೊಳಗೆ ಎಳೆದುಕೊಂಡರು. ಶಮೀಮ ಚಾಚಿದ ಕೈಯನ್ನು ಹಾಗೇ ಹಿಡಿದು ನಿಂತಿದ್ದಳು. ತಡೆಯಲಾರದೆ ನಾನು ಹಿಂದಿನಿಂದ ನನ್ನ ಬ್ಯಾಂಡೇಜಿನ ಕೈ ಎತ್ತಿದೆ. "ನೋಡಿ, ಟೀಚರ್ ಗೆದ್ದರು!" ಎಂದು ಯಾರೋ ಕೂಗಿದರು, ಇನ್ನಷ್ಟು ನಗು ಎದ್ದಿತು. ಆಗ ಹಾಲಿನಂಥ ಬಣ್ಣದ ಒಬ್ಬ ಹೊಸ ಮದುಮಗಳನ್ನು ಗೆಳತಿಯರು ವೇದಿಕೆಗೆ ತಳ್ಳಿದರು. ಅವಳು ಬಟ್ಟೆಯ ತೋಳು ಮೇಲಕ್ಕೆ ಮಡಚಿ, ಶಮೀಮಳ ಮಣಿಕಟ್ಟಿನ ಪಕ್ಕ ತನ್ನದನ್ನು ಇಟ್ಟಳು. ಇಡೀ ಸಭೆಯೇ ಚಪ್ಪಾಳೆ ತಟ್ಟಿತು. ನಿರೂಪಣೆ ಮಾಡುತ್ತಿದ್ದ ಹೆಂಗಸು ಉತ್ಸಾಹದಲ್ಲಿ ಮ್ಯೂಸಿಕಲ್ ಚೇರಿಗೆ ತಂದು ಉಳಿದಿದ್ದ ಹಾಟ್‌ಪಾಟನ್ನು ಮದುಮಗಳಿಗೆ ಬಹುಮಾನ ಕೊಟ್ಟಳು. ಶಮೀಮಳಿಗೂ ಒಂದು ಚಿಕ್ಕದು ಕೊಟ್ಟಳು, ಸಮಾಧಾನಕರ ಬಹುಮಾನ.

ದೀಪ ಆರಿಸುವ ಕೊನೆಯ ಭಾಗವನ್ನು ಶಮೀಮ ಮಾಡಲಿಲ್ಲ. ಸಲಾಂ ಹೇಳಿ ಇಳಿದುಬಂದಳು.

ವಾಪಸು ಘಟ್ಟ ಹತ್ತುವಾಗ ಹಾಟ್‌ಪಾಟ್ ಅವಳ ತೊಡೆಯ ಮೇಲೆಯೇ ಇತ್ತು. ಮುಂದಿನ ಸೀಟಿನಿಂದ ಮೈಮೂನಾ, "ಸೂಪರ್ ಆಯ್ತು ಶಮೀಮಾ, ಎಲ್ಲರೂ ಎಷ್ಟು ನಗಾಡಿದರು ಗೊತ್ತುಂಟಾ!" ಎನ್ನುತ್ತಲೇ ಇದ್ದಳು. ಶಮೀಮ ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದಳು:

"ಅವರು ಖಾಲಾಗ ನಗಲಿಲ್ಲ ಅಕ್ಕಾರ."

"ಮತ್ತೆ?"

"ನನಗ ನಕ್ಕರು."



ತಾಯಿಫ್, ಮುಖವಿಲ್ಲದ ದನಿ

ಅಲ್ಲಿಗೇ ಮುಗಿದಿದ್ದರೆ ಆ ಬೇಸರ ಒಂದು ಕಾರಿನೊಳಗೆ ಉಳಿಯುತ್ತಿತ್ತು.

ಕ್ಯಾಮೆರಾ ಬೇಡ ಎಂದು ಮೂರು ಸಲ ಕೂಗಿದ ನನ್ನ ತಂಗಿ, ಶಮೀಮಳ ಅಷ್ಟೂ ಮಾತನ್ನು ತನ್ನ ಫೋನಿನಲ್ಲಿ ಧ್ವನಿ ಮುದ್ರಿಸಿಕೊಂಡಿದ್ದಳು. ಹೆಮ್ಮೆಯಿಂದ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದ್ದಳು. ನಾನು ಕೇಳಿದಾಗ ಅವಳಿಗೆ ಆಶ್ಚರ್ಯ.

"ವಿಡಿಯೋ ಅಲ್ಲವಲ್ಲ ಅಕ್ಕ. ಸ್ವರ ಮಾತ್ರ. ಮುಖ ಯಾರಿಗೂ ಕಾಣುವುದಿಲ್ಲ."

ಮುಖ ಕಾಣದೇ ಹೋದದ್ದೇ ಕೆಲಸ ಕೆಡಿಸಿತು. ಮನೆಯ ಗುಂಪಿನಿಂದ ಮಂಗಳೂರಿಗೆ, ಅಲ್ಲಿಂದ ದುಬೈಗೆ, ದಮಾಮಿಗೆ, ರಿಯಾದಿಗೆ ಅದು ಹಾರಿತು. ಕೇಳಿದವರಿಗೆ ಕಂಡದ್ದು ಬೇರೆಯೇ ಚಿತ್ರ. ಯಾರೋ ಒಬ್ಬ ಕನ್ನಡದ ಹೆಂಗಸು, ಅವಳ ಪ್ರಕಾರ ಬೆಳ್ಳಗಿರುವವಳು, ಕರಿಯ ಹುಡುಗಿಯರನ್ನು ಆಡಿಕೊಳ್ಳುತ್ತಿದ್ದಾಳೆ, ಹಿಂದೆ ಹಾಲಿನ ತುಂಬ ಹೆಂಗಸರು ಕೇಕೆ ಹಾಕುತ್ತಿದ್ದಾರೆ. ಕೆಲವರು ನಗುವ ಚಿಹ್ನೆಗಳನ್ನು ಸಾಲಾಗಿ ಹಾಕಿ ಮುಂದೆ ಕಳುಹಿಸಿದರು. ರಿಯಾದಿನ ಒಲಾಯಾದಲ್ಲಿ ಕೆಲಸದಲ್ಲಿದ್ದ ಒಬ್ಬ ಓದಿದ ಹುಡುಗ ಮಾತ್ರ ಸಿಟ್ಟಿಗೆದ್ದ. ಅವನೂ ಧ್ವನಿ ಮುದ್ರಿಸಿ ಕಳುಹಿಸಿದ. "ನಮ್ಮ ಧರ್ಮದಲ್ಲಿ ಬಣ್ಣದ ಭೇದ ಇಲ್ಲ. ಕಪ್ಪು ಜನರನ್ನು ಹೀಗೆ ಹೀಯಾಳಿಸಿದ ಆ ಹೆಂಗಸು ಯಾರು? ಅವಳು ಕ್ಷಮೆ ಕೇಳಲೇಬೇಕು." ಅವನು ಆಡಿದ ಪ್ರತಿ ಮಾತೂ ಸರಿಯಾಗಿತ್ತು. ನನ್ನ ವಿದ್ಯಾರ್ಥಿಯಾಗಿದ್ದರೆ ಬೆನ್ನು ತಟ್ಟುತ್ತಿದ್ದೆ. ಆ ಏಟು ಹೋಗಿ ಬಿದ್ದದ್ದು ಮಾತ್ರ ಶಮೀಮಳ ಮೇಲೆ.

ಮೈಮೂನಾ ಗಾಬರಿಯಾಗಿ ಬರೆದಳು, ಆಕೆ ಸ್ವತಃ ಸಿದ್ದಿ ಹೆಂಗಸು, ತನ್ನ ಮನೆಯ ಕಥೆಯನ್ನೇ ಹೇಳಿದ್ದಾಳೆ ಎಂದು. "ಹಾಗಾದರೆ ಇನ್ನೂ ನಾಚಿಕೆಗೇಡು, ತನ್ನವರನ್ನೇ ಮಾರಿಕೊಂಡಳು" ಎಂದು ಯಾರೋ ಉತ್ತರಿಸಿದರು. ಸಮ್ಮಿಲನ ನಡೆಸಿದವರಿಗೆ ಹೆಸರು ಕೆಡುವ ಭಯ ಹಿಡಿಯಿತು. ಆಕೆಯಿಂದ ಎರಡು ಮಾತು ಕ್ಷಮೆ ಹೇಳಿಸಿ ಕಳುಹಿಸಿ, ವಿಷಯ ಮುಗಿಸಿಬಿಡುವ ಎಂದು ಮೈಮೂನಾಳಿಗೆ ಹೇಳಿದರು. ನಾನು ಬೇಡವೆಂದೆ. ಕೂಗಾಡಿದೆ. ಅವಳು ಅಳುತ್ತಲೇ ಶಮೀಮಳಿಗೆ ಫೋನು ಮಾಡಿದಳು.

ಶಮೀಮ ತಕರಾರು ಮಾಡಲಿಲ್ಲ. ಅವತ್ತು ಸಂಜೆಯೇ ಧ್ವನಿ ಕಳುಹಿಸಿದಳು. ನಾನೂ ಮೈಮೂನಾಳೂ ಅಡುಗೆಮನೆಯಲ್ಲಿ ನಿಂತು ಕೇಳಿದೆವು.

"ಸಲಾಮ್ ಅಲೈಕುಂ. ನಾ ಬಿಳಿ ಖಾಲಾ ಮಾತಾಡ್ತೀನಿ. ನನ್ನಿಂದ ಕರೇ ಮಂದಿಗೆ ಬ್ಯಾಸರ ಆಗೇತಂತ. ನಾ ಇಷ್ಟು ಬೆಳ್ಳಗ ಹುಟ್ಟಿದ್ದ ನನ್ನ ತಪ್ಪು. ಇನ್ನ ಮ್ಯಾಲೆ ದಿನಾ ಬಿಸಲಾಗ ನಿಂತು ಸ್ವಲ್ಪ ಕರ್ರಗ ಆಗ್ತೀನಿ. ಮಾಫ್ ಮಾಡ್ರಿ."

ಆ ದನಿಯಲ್ಲಿ ನಗು ಎಲ್ಲಿಯೂ ಇಣುಕಲಿಲ್ಲ. ಅಷ್ಟು ಕಟುವಾದ ಮಾತನ್ನು ಅಷ್ಟು ವಿನಯದಲ್ಲಿ ಹೇಳಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ. ಅದು ಗುಂಪುಗಳಿಗೆ ಹೋದ ಮೇಲೆ, ಈಗಲಾದರೂ ಯಾರಿಗಾದರೂ ತಟ್ಟೀತು ಎಂದು ಕಾದೆ. ಒಬ್ಬೊಬ್ಬರೇ ಹೆಬ್ಬೆರಳು ಎತ್ತಿದರು. "ಮಾಷಾ ಅಲ್ಲಾಹ್, ದೊಡ್ಡ ಮನಸ್ಸು." "ತಪ್ಪು ಒಪ್ಪಿಕೊಂಡಿದ್ದಾರೆ, ವಿಷಯ ಇಲ್ಲಿಗೆ ಬಿಡೋಣ." ಆ ಓದಿದ ಹುಡುಗನೂ ಧನ್ಯವಾದ ಹೇಳಿದ.

ಬ್ಯಾಂಡೇಜು ಬಿಚ್ಚಿಸಲು ಆಸ್ಪತ್ರೆಗೆ ಹೋದೆವು. ಶಮೀಮಳೇ ಬಂದಳು. ಮೈಮೂನಾ ಕನ್ನಡದಲ್ಲಿ, "ನನ್ನಿಂದಲೇ ಆದದ್ದು, ಬೇಸರ ಮಾಡಬೇಡ ಮಾರಾಯ್ತಿ" ಎಂದು ಅವಳ ಕೈ ಹಿಡಿಯಲು ಹೋದಳು. ಶಮೀಮ ನಯವಾಗಿ ಕೈ ಬಿಡಿಸಿಕೊಂಡು ಅರಬ್ಬಿಯಲ್ಲಿ ಹೇಗಿದ್ದೀರಿ, ಮಕ್ಕಳು ಹೇಗಿದ್ದಾರೆ ಎಂದು ಕೇಳಿದಳು. ಬೇಗ ಗುಣವಾಗಲಿ ಎಂಬುದನ್ನೂ ಅರಬ್ಬಿಯಲ್ಲೇ ಹೇಳಿದಳು. ನನ್ನ ಮಣಿಕಟ್ಟನ್ನು ಒಂದು ಸಲ ಬೆರಳಲ್ಲಿ ಸವರಿ ನೋಡಿದಳು. ಬ್ಯಾಂಡೇಜು ಇದ್ದ ಜಾಗ ಅಷ್ಟಗಲ ಬೆಳ್ಳಗಾಗಿತ್ತು. ಅವಳ ಕಣ್ಣಲ್ಲಿ ಏನೋ ಮಿಂಚಿತು, ಖಾಲಾ ಬಂದಳೇ ಬಂದಳು ಎಂದುಕೊಂಡೆ. ಬರಲಿಲ್ಲ. ಕಾರಿನಲ್ಲಿ ಕೂತ ಮೇಲೆ ನನ್ನ ತಂಗಿ ಬಿಕ್ಕಿ ಬಿಕ್ಕಿ ಅತ್ತಳು, ನಾನು ಸಮಾಧಾನ ಹೇಳಲಿಲ್ಲ.

ತಾಯಿಫ್, ಕೊನೆಯ ಶುಕ್ರವಾರ

ಊರಿಗೆ ಹೊರಡುವ ಹಿಂದಿನ ದಿನ ಹವ್ವಾಳ ಮನೆಗೆ ಒಬ್ಬಳೇ ಹೋದೆ, ಉಳಿದಿದ್ದ ಹಪ್ಪಳವನ್ನು ಈ ಸಲ ಕರಿದು ಡಬ್ಬಿಯಲ್ಲಿ ತುಂಬಿಕೊಂಡು. ಶುಕ್ರವಾರ, ಇಳಿಹೊತ್ತಿನ ಅಸರ್ ನಮಾಜು ಮುಗಿದಿತ್ತು. ಹನೀಫ್ ಕೆಳಗೆ ಕಾರಿನಲ್ಲಿ ಉಳಿದ.

ಹವ್ವಾ ಬಾಗಿಲು ತೆರೆದು ಎರಡೂ ಕೆನ್ನೆಗೆ ಮುತ್ತಿಟ್ಟು ಒಳಗೆ ಕರೆದಳು. ಬಲಗಡೆಯ ಕೋಣೆಯಿಂದ ಮಾತು, ಬಳೆಯ ಸದ್ದು, ಲೋಬಾನ. ಮೊಳೆಗಳ ತುಂಬ ಅಬಾಯಾಗಳು. ಅವಳು ನನ್ನನ್ನು ಎಡಗಡೆಗೆ ಕರೆದುಕೊಂಡು ಹೋದಳು. ಹೊರಗಿನ ಅತಿಥಿಗಳನ್ನು ಕೂರಿಸುವ, ದೊಡ್ಡ ಸೋಫಾಗಳ, ಚೊಕ್ಕವಾದ ಕೋಣೆ ಅದು. ಕಾಫಿ ತಂದಳು, ಖರ್ಜೂರ ತಂದಳು. ಹಪ್ಪಳ ಮುರಿದು ತಿಂದು ಬಹಳ ಚೆನ್ನಾಗಿದೆ ಎಂದಳು. ಕೈ ಹೇಗಿದೆ, ಊರಲ್ಲಿ ಯಾರ್ಯಾರಿದ್ದಾರೆ ಎಂದು ಕೇಳಿದಳು. ಮರ್ಯಾದೆಯಲ್ಲಿ ಒಂದು ಕೂದಲೆಳೆಯಷ್ಟೂ ಕಡಿಮೆ ಮಾಡಲಿಲ್ಲ.

"ಶಮೀಮ ಬಂದಿದ್ದಾಳಾ?" ಎಂದೆ.

"ಬಂದಿದ್ದಾಳೆ."

"ಒಂದು ಮಾತು ಹೇಳಿ ಹೋಗಬೇಕಿತ್ತು."

ಹವ್ವಾ ನನ್ನ ಕೈ ಮೇಲೆ ಕೈ ಇಟ್ಟಳು. "ನಾನು ಹೇಳುತ್ತೇನೆ" ಎಂದಳು. "ಅವಳು ನಮ್ಮ ಹುಡುಗಿ. ಇಲ್ಲೊಂದು ಕಡೆಯಾದರೂ ಅವಳು ಬಾಯಿಬಿಟ್ಟು ನಗಬೇಕು." ಆಮೇಲೆ ಒಳಗಿನಿಂದ ಯಾರೋ ಕರೆದರು. ಆರಾಮವಾಗಿ ಕಾಫಿ ಮುಗಿಸಿ ಎಂದು ಹೇಳಿ, ಎದ್ದು ಹೋಗಿ ಬಲಗಡೆಯ ಕೋಣೆಯ ಬಾಗಿಲು ಹಾಕಿಕೊಂಡಳು.

ನಾನು ಕೂತಲ್ಲೇ ಕೇಳಿಸಿಕೊಂಡೆ. ಮೊದಲು ಎಲ್ಲರೂ ಎದ್ದು ನಿಂತ ಸದ್ದು, ಸಲಾಂ ಮಾಡಿದ ಸದ್ದು. ಆಮೇಲೆ ಖಾಲಾಳ ದನಿ, ನಗು, ಯಾರೋ ತನ್ನ ಅತ್ತೆಯನ್ನು ಕೂಗಿ ಹೇಳಿದ್ದು. ಅನುವಾದಿಸಲು ಪಕ್ಕದಲ್ಲಿ ಯಾರೂ ಇರಲಿಲ್ಲ, ಆದರೂ ಎಲ್ಲ ಅರ್ಥವಾಯಿತು. ಬಳೆಗಳೆಲ್ಲ ಒಟ್ಟಿಗೆ ಗಲಗಲ ಎಂದವು, ಮಣಿಕಟ್ಟುಗಳು ಮೇಲೆದ್ದವು. ನನಗೇ ಅರಿವಿಲ್ಲದೆ ಬಟ್ಟೆಯ ತೋಳು ಸರಿಸಿ, ಬೆಳ್ಳಗಾದ ಆ ಪಟ್ಟಿಯನ್ನು ನೋಡಿಕೊಂಡೆ. ಅದನ್ನು ಕಂಡು ಎದೆ ಹಿಡಿದುಕೊಂಡು ಬೀಳುವ ಒಬ್ಬಳೇ ಒಬ್ಬಳು ಆ ಬಾಗಿಲಿನ ಆಚೆ ಇದ್ದಳು. ಬಾಗಿಲ ಕೆಳಗಿನ ಬೆಳಕಿನ ಗೆರೆ ಥಟ್ಟನೆ ಆರಿತು. ಆಮೇಲೆ ಆ ನಗು. ನನಗೆ ಅಳು ಬಂತು.

ಕೆಳಗಿನಿಂದ ಹನೀಫನ ಫೋನು ಬಂತು, ಹೊರಡುವ ಹೊತ್ತಾಯಿತೆಂದು. ಉತ್ತರಿಸಿ ಎದ್ದು ನಿಂತಾಗಲೇ ನನಗೆ ಹೊಳೆದದ್ದು, ಅಬಾಯಾ ನನ್ನ ಮೈಮೇಲೇ ಇದೆ. ಬುಟ್ಟಿ ಬಾಗಿಲ ಪಕ್ಕದಲ್ಲೇ ಇತ್ತು, ಫೋನುಗಳಿಂದ ತುಂಬಿತ್ತು. ನನ್ನದನ್ನು ಈ ಸಲ ಯಾರೂ ಕೇಳಿರಲಿಲ್ಲ.